ಬಿಟ್ಟು ಬಂದ ಚಿತ್ರವೋ, ಮೂರು ಲಕ್ಷದ ಚಿತ್ರವೋ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿದ್ದೆ. ಅಲ್ಲಿ ಕಲಬುರಗಿ ಕಡೆಯ ಕಲಾವಿದೆಯೊಬ್ಬರ ಚಿತ್ರದ ಮುಂದೆ ಕಾಲು ಕದಲಲಿಲ್ಲ. ಮಧ್ಯಾಹ್ನದ ಬಿಸಿಲು, ಒಂದು ಜಗುಲಿ, ಅದರ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ, ಬಾಗಿಲಾಚೆ ಕತ್ತಲೆ. ಅಷ್ಟೇ. 18 ಸಾವಿರ ಹೇಳಿದರು. ಯೋಚಿಸಿ ಹೇಳ್ತೀನಿ ಎಂದು ಅವರ ಕಾರ್ಡ್ ಇಸ್ಕೊಂಡು ಬಂದೆ. ಏಪ್ರಿಲ್‌ನಲ್ಲಿ ಭಾವನ ಜೊತೆ ಒಂದು ಗ್ಯಾಲರಿಗೆ ಹೋದೆ. ಅಲ್ಲಿ 3 ಲಕ್ಷದ ಚಿತ್ರ ತೋರಿಸಿ, ಈ ಕಲಾವಿದರ ಬೆಲೆ ಐದು ವರ್ಷದಲ್ಲಿ ಮೂರು ಪಟ್ಟು ಆಗುತ್ತೆ ಎಂದರು. ಹುಸೇನರ ಚಿತ್ರ 118 ಕೋಟಿಗೆ ಹೋದ ಸುದ್ದಿಯನ್ನೂ ಮೊಬೈಲಿನಲ್ಲಿ ತೋರಿಸಿದರು. ಭಾವ ತಗೋ ಅಂತಾರೆ. ನನಗೆ ಕಲೆ ಬಗ್ಗೆ ಏನೂ ಗೊತ್ತಿಲ್ಲ. ಚಿತ್ರಕ್ಕೆ ಬೆಲೆ ಹೇಗೆ ಬರುತ್ತೆ? ನಾನು ಯಾವುದು ಕೊಳ್ಳಲಿ?
(ಹೆಸರು ಬೇಡ, ಶಿವಮೊಗ್ಗ)

ಉತ್ತರ: 3 ಲಕ್ಷದ ಚಿತ್ರ ಬೇಡ. ಮೆಣಸಿನಕಾಯಿಯ ಚಿತ್ರ ಇನ್ನೂ ಇದ್ದರೆ ತಗೊಳ್ಳಿ.

ಇಷ್ಟು ಬೇಗ ಹೇಗೆ ಹೇಳಿದೆ ಅನ್ನಿಸಬಹುದು. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. 18 ಸಾವಿರದ ಚಿತ್ರದಲ್ಲಿ ಏನಿತ್ತು ಎಂದು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದೀರಿ. ಬಾಗಿಲಾಚೆಯ ಕತ್ತಲೆ ಕೂಡ ನೆನಪಿದೆ. 3 ಲಕ್ಷದ ಚಿತ್ರದಲ್ಲಿ ಏನಿತ್ತು? ಒಂದು ಮಾತೂ ಇಲ್ಲ. ಅದರ ಬೆಲೆ ಇದೆ, ಮೂರು ಪಟ್ಟು ಆಗುವ ಮಾತಿದೆ, ಹುಸೇನರ ಸುದ್ದಿಯಿದೆ, ಭಾವನ ಅಭಿಪ್ರಾಯ ಇದೆ. ಚಿತ್ರ ಮಾತ್ರ ಇಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬೆಂಗಳೂರಿನಲ್ಲಿ ಪ್ರದರ್ಶನಗಳ ಕೆಲಸ ಮಾಡಿ, ಕೊಳ್ಳುವವರ ಜೊತೆ ಓಡಾಡಿದ್ದೇನೆ. ಕೊಂಡು ಪಶ್ಚಾತ್ತಾಪಪಟ್ಟವರಲ್ಲಿ ಬಹಳ ಜನ ತಮ್ಮ ಚಿತ್ರದ ಬಗ್ಗೆ ಮಾತಾಡುವುದು ನಿಮ್ಮ ಪತ್ರದ ಎರಡನೇ ಅರ್ಧದ ಹಾಗೇ.

ಒಂದು ಚಿತ್ರಕ್ಕೆ ದುಡ್ಡು ಕೊಡುವಾಗ ನಾವು ಮೂರು ಬೇರೆ ಬೇರೆ ವಸ್ತುಗಳಿಗೆ ಕೊಡುತ್ತಿರುತ್ತೇವೆ. ಒಂದು, ಚಿತ್ರಕ್ಕೆ. ಎರಡು, ಅದನ್ನು ಬಿಡಿಸಿದವರ ಹೆಸರಿಗೆ. ಮೂರು, ಬೇರೆಯವರೂ ಅದನ್ನು ಬಯಸುತ್ತಿದ್ದಾರೆ ಎಂಬ ನಂಬಿಕೆಗೆ. ಮೂರೂ ಒಂದೇ ಬಿಲ್ಲಿನಲ್ಲಿ ಬರುವುದರಿಂದ ಯಾವುದಕ್ಕೆ ಎಷ್ಟು ಕೊಟ್ಟೆವು ಎಂದು ಗೊತ್ತಾಗುವುದಿಲ್ಲ. ನಿಮಗೆ ಆ ಗ್ಯಾಲರಿಯಲ್ಲಿ ಎರಡನೆಯದನ್ನೂ ಮೂರನೆಯದನ್ನೂ ತೋರಿಸಿದರು.

ಮೊದಲು ಆ 118 ಕೋಟಿಯ ವಿಷಯ ನೋಡೋಣ. ಆ ಸುದ್ದಿ ಎಲ್ಲ ಗ್ಯಾಲರಿಗಳ ಮೊಬೈಲಿನಲ್ಲೂ ಇದೆ.

ಎಂ. ಎಫ್. ಹುಸೇನ್ 1954ರಲ್ಲಿ ಬಿಡಿಸಿದ ಚಿತ್ರ ಅದು. ‘ಗ್ರಾಮ ಯಾತ್ರಾ’ ಎಂದು ಕರೆಯುತ್ತಾರೆ. ಹೆಚ್ಚುಕಡಿಮೆ 14 ಅಡಿ ಉದ್ದ. ಹಳ್ಳಿಯ ಬದುಕಿನ 13 ದೃಶ್ಯಗಳು ಒಂದರ ಪಕ್ಕ ಒಂದು. ದೆಹಲಿಗೆ ಕೆಲಸದ ಮೇಲೆ ಬಂದಿದ್ದ ವೈದ್ಯರೊಬ್ಬರು ಅದೇ ವರ್ಷ ಕೊಂಡು ನಾರ್ವೆಗೆ ಒಯ್ದರು. ಅವರಿಂದ ಅದು ಓಸ್ಲೊದ ಆಸ್ಪತ್ರೆಗೆ ಬಂತು. ಅಲ್ಲಿ ದಶಕಗಳ ಕಾಲ ಗೋಡೆ ಮೇಲೆ ಇತ್ತು. 2025ರ ಮಾರ್ಚ್ 19ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 1 ಕೋಟಿ 37 ಲಕ್ಷ ಡಾಲರಿಗೂ ಮೇಲೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 118 ಕೋಟಿ ರೂಪಾಯಿ. ಹರಾಜಿನವರೇ ಮೊದಲು ಹಾಕಿದ್ದ ಅಂದಾಜು 25ರಿಂದ 35 ಲಕ್ಷ ಡಾಲರ್.

ಅಂದಾಜಿಗಿಂತ ಸುಮಾರು ನಾಲ್ಕು ಪಟ್ಟು ಹೇಗೆ ಏರಿತು? ಹುಸೇನ್ ಸಾವಿರಾರು ಚಿತ್ರ ಬಿಡಿಸಿದವರು. ಅವರ ಎಷ್ಟೋ ಚಿತ್ರಗಳು ಇದರ ನೂರನೇ ಒಂದು ಭಾಗಕ್ಕೂ ಹೋಗುವುದಿಲ್ಲ. ಆದರೆ 1950ರ ದಶಕದ ಮೊದಲ ಅರ್ಧದ, ಇಷ್ಟು ದೊಡ್ಡ ಚಿತ್ರ ಮಾರುಕಟ್ಟೆಗೆ ಬರುವುದೇ ಅಪರೂಪ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದರಲ್ಲಿ ಒಂದು ದಿನದ ಖಾಲಿ ಜಾಗವೂ ಇರಲಿಲ್ಲ. ಕಲಾವಿದ, ವೈದ್ಯ, ಆಸ್ಪತ್ರೆ, ಅಷ್ಟೇ. ನಕಲಿ ಎಂಬ ಸಂಶಯಕ್ಕೆ ಆಸ್ಪದ ಇಲ್ಲ. ಇಷ್ಟೆಲ್ಲ ಇದ್ದರೂ ಇನ್ನೊಂದು ಬೇಕಿತ್ತು. ಬಿಟ್ಟುಕೊಡಲು ತಯಾರಿಲ್ಲದ ಇಬ್ಬರು. ಹರಾಜಿನಲ್ಲಿ ಒಬ್ಬರೇ ಕೈ ಎತ್ತಿದರೆ ಬೆಲೆ ಏರುವುದಿಲ್ಲ. ಇಬ್ಬರು ಎತ್ತಿದರೆ ಎಲ್ಲಿ ನಿಲ್ಲುತ್ತದೆ ಎಂದು ಚಿತ್ರ ನೋಡಿ ಹೇಳಲಾಗದು, ಆ ಇಬ್ಬರ ಜೇಬು ಮತ್ತು ಹಟ ನೋಡಿ ಹೇಳಬೇಕು. ಓಸ್ಲೊದ ಗೋಡೆ ಮೇಲೆ ಇದ್ದಾಗಲೂ ಅದು ಇದೇ ಚಿತ್ರ. ಒಂದು ಗೆರೆಯೂ ಬದಲಾಗಿಲ್ಲ.

ಅಮೃತಾ ಶೇರ್‌ಗಿಲ್ ಅವರದ್ದು ಇನ್ನೊಂದು ರೀತಿ. 1937ರ ಅವರ ಚಿತ್ರವೊಂದು 2023ರ ಸೆಪ್ಟೆಂಬರ್‌ನಲ್ಲಿ 61.8 ಕೋಟಿಗೆ ಹೋಯಿತು. ಅವರು 28ನೇ ವಯಸ್ಸಿಗೇ ತೀರಿಕೊಂಡರು. ಬಿಡಿಸಿದ್ದೇ ಕಡಿಮೆ, ಅದರಲ್ಲೂ ದೊಡ್ಡ ಪಾಲು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿದೆ. 1972ರ ಕಾನೂನಿನ ಪ್ರಕಾರ ಅವರ ಚಿತ್ರಗಳು ರಾಷ್ಟ್ರದ ಕಲಾ ಸಂಪತ್ತು, ಇಲ್ಲಿರುವುದನ್ನು ದೇಶದ ಹೊರಗೆ ಮಾರುವಂತಿಲ್ಲ. ಹೀಗಾಗಿ ಅಪರೂಪಕ್ಕೊಮ್ಮೆ ಒಳ್ಳೆಯದೊಂದು ಹೊರಬಂದಾಗ ಕಾದು ಕೂತವರೆಲ್ಲ ಒಟ್ಟಿಗೆ ಬೀಳುತ್ತಾರೆ.

ಈ ಎರಡೂ ಕಥೆಗೂ ನಿಮಗೆ ತೋರಿಸಿದ ಚಿತ್ರಕ್ಕೂ ಏನು ಸಂಬಂಧ? ಏನೂ ಇಲ್ಲ. 1954ರಲ್ಲಿ ಮುಂಬೈ, ದೆಹಲಿ, ಕೋಲ್ಕತ್ತಗಳಲ್ಲಿ ನೂರಾರು ಜನ ಚಿತ್ರ ಬಿಡಿಸುತ್ತಿದ್ದರು. ಇವತ್ತು ಪೇಪರಿನಲ್ಲಿ ಬರುವುದು ಹತ್ತು ಹದಿನೈದು ಹೆಸರು. ಉಳಿದವರ ಚಿತ್ರ ಕೊಂಡವರಿಗೆ ಏನಾಯಿತು ಎಂದು ಯಾರೂ ಸುದ್ದಿ ಬರೆಯುವುದಿಲ್ಲ. ಲಾಟರಿ ಗೆದ್ದವರ ಫೋಟೋ ಹಾಕುತ್ತಾರೆ, ಟಿಕೆಟ್ ಕೊಂಡು ಸೋತವರ ಫೋಟೋ ಹಾಕಲ್ಲ ಅಲ್ವಾ?

ನೀವು ಬ್ಯಾಂಕಿನವರು, ಲೆಕ್ಕ ಹಾಕಿ. ಐದು ವರ್ಷದಲ್ಲಿ ಮೂರು ಪಟ್ಟು ಎಂದರೆ ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಸುಮಾರು 25 ಪರ್ಸೆಂಟ್. ನಿಮ್ಮ ಕೌಂಟರಿಗೆ ಯಾರಾದರೂ ಬಂದು ಇಷ್ಟು ಬಡ್ಡಿಯ ಸ್ಕೀಮ್ ಹೇಳಿದರೆ ನೀವು ಮೊದಲು ಕೇಳುವುದು, ಬರವಣಿಗೆಯಲ್ಲಿ ಕೊಡ್ತೀರಾ ಎಂದು. ಆ ಗ್ಯಾಲರಿಯವರನ್ನೂ ಅದೇ ಕೇಳಿ. ಐದು ವರ್ಷದ ನಂತರ 9 ಲಕ್ಷ ಬೇಡ, ಬರೀ 3 ಲಕ್ಷಕ್ಕೆ ವಾಪಸ್ ತಗೋತೀವಿ ಎಂದು ಒಂದು ಸಾಲು ಬರೆದುಕೊಡಲಿ. ಬರೆದುಕೊಟ್ಟವರನ್ನು ನಾನು ಇದುವರೆಗೆ ನೋಡಿಲ್ಲ.

ಯಾಕೆ ಕೊಡುವುದಿಲ್ಲ ಎಂಬುದಕ್ಕೆ ಕಾರಣ ಇದೆ. ಗ್ಯಾಲರಿಗಳು ಸಾಮಾನ್ಯವಾಗಿ ಚಿತ್ರವನ್ನು ದುಡ್ಡು ಕೊಟ್ಟು ಕೊಂಡಿರುವುದಿಲ್ಲ. ಕಲಾವಿದರು ಮಾರಲು ಇಟ್ಟುಹೋಗಿರುತ್ತಾರೆ. ಮಾರಾಟವಾದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಗ್ಯಾಲರಿಗೆ, ಉಳಿದದ್ದು ಕಲಾವಿದರಿಗೆ. ಇದು ಅನ್ಯಾಯ ಅಂತ ನಾನು ಹೇಳುವುದಿಲ್ಲ. ಬಾಡಿಗೆ, ಲೈಟು, ಕ್ಯಾಟಲಾಗು, ವರ್ಷಗಟ್ಟಲೆ ಒಬ್ಬ ಕಲಾವಿದರನ್ನು ಬೆಳೆಸುವ ಖರ್ಚು ಎಲ್ಲ ಅದರಲ್ಲೇ ಬರಬೇಕು. ಆದರೆ ನೀವು 3 ಲಕ್ಷ ಕೊಟ್ಟ ಮರುದಿನ ಆ ಚಿತ್ರವನ್ನು ಮಾರಲು ಹೊರಟರೆ ನಿಮಗೆ ಅಂಗಡಿ ಇಲ್ಲ, ಗಿರಾಕಿಗಳ ಪಟ್ಟಿ ಇಲ್ಲ. ಚಿನ್ನವಾದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹತ್ತು ನಿಮಿಷಕ್ಕೆ ದುಡ್ಡಾಗುತ್ತೆ. ಚಿತ್ರಕ್ಕೆ ಅಂಥ ಬಜಾರಿಲ್ಲ.

ಹರಾಜಿಗೆ ಹಾಕಬಹುದಲ್ಲ ಎಂದು ಭಾವ ಹೇಳಬಹುದು. ಮೊದಲನೆಯದು, ದೊಡ್ಡ ಹರಾಜಿನವರು ಎಲ್ಲರ ಚಿತ್ರ ತಗೊಳ್ಳುವುದಿಲ್ಲ. ತಗೊಂಡರೂ ಲೆಕ್ಕ ಹೀಗಿರುತ್ತೆ. ಸುತ್ತಿಗೆ 10 ಲಕ್ಷಕ್ಕೆ ಬಿತ್ತು, ಅಂದರೆ ಕೊನೆಯ ಕೂಗು ಅಲ್ಲಿಗೆ ನಿಂತಿತು ಅಂದುಕೊಳ್ಳಿ. ಕೊಂಡವರು ಅದರ ಮೇಲೆ ಹರಾಜಿನವರ ಪಾಲು ಕೊಡಬೇಕು, ಸುಮಾರು 20 ಪರ್ಸೆಂಟ್. ಜಿಎಸ್‌ಟಿ ಬೇರೆ. ಹಾಗಾಗಿ ಕೊಂಡವರ ಕೈಯಿಂದ ಹೋಗುವುದು 12 ಲಕ್ಷದ ಮೇಲೆ. ಮಾರಿದವರಿಂದಲೂ ಕಮಿಷನ್ ಹಿಡಿಯುತ್ತಾರೆ, ಅವರ ಕೈಗೆ ಬರುವುದು 10 ಲಕ್ಷಕ್ಕಿಂತ ಕಡಿಮೆ. ಪೇಪರಿನಲ್ಲಿ ಬರುವುದು ಕೊಂಡವರು ಕೊಟ್ಟ ದೊಡ್ಡ ಅಂಕಿ. ಲಾಭ ಬಂದರೆ ತೆರಿಗೆಯೂ ಇದೆ. ಮನೆಯ ಪೀಠೋಪಕರಣದ ಹಾಗೆ ಚಿತ್ರವನ್ನು ಸ್ವಂತ ಬಳಕೆಯ ಸಾಮಾನು ಅಂತ ತೆರಿಗೆ ಕಾನೂನು ನೋಡುವುದಿಲ್ಲ, ಬಂಡವಾಳ ಆಸ್ತಿ ಅಂತಲೇ ನೋಡುತ್ತದೆ.

ನನಗೆ ಮರೆಯಲಾಗದ ಒಂದು ಮನೆ ಇದೆ. 2007ರ ಸುಮಾರಿಗೆ ಭಾರತದ ಚಿತ್ರಗಳ ಬೆಲೆ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. 2002ರಲ್ಲಿ ತಯ್ಯಬ್ ಮೆಹ್ತಾ ಅವರ ಚಿತ್ರ ನ್ಯೂಯಾರ್ಕಿನಲ್ಲಿ 3 ಲಕ್ಷ ಡಾಲರ್ ದಾಟಿದ್ದು ದೊಡ್ಡ ಸುದ್ದಿಯಾಗಿತ್ತು. 2005ರಲ್ಲಿ ಅವರದ್ದೇ ಇನ್ನೊಂದು 15 ಲಕ್ಷ ಡಾಲರ್ ದಾಟಿತು. ಅದಾದ ಮೇಲೆ ಹೊಸ ಹುಡುಗರ ಚಿತ್ರಗಳನ್ನೂ ನೋಡದೆ, ಫೋನಿನಲ್ಲೇ ಕೊಳ್ಳುತ್ತಿದ್ದರು. ಮ್ಯೂಚುವಲ್ ಫಂಡಿನ ಹಾಗೆ ಕಲಾ ನಿಧಿಗಳೂ ಶುರುವಾದವು. 2006ರಲ್ಲಿ ಮುಂಬೈಯ ಒಂದು ನಿಧಿ ಜನರಿಂದ 100 ಕೋಟಿಗೂ ಹೆಚ್ಚು ಎತ್ತಿತು. ಮೂರು ವರ್ಷ ಮುಗಿದಾಗ ಹೂಡಿದವರ ದುಡ್ಡನ್ನು ಹೇಳಿದ ಸಮಯಕ್ಕೆ ವಾಪಸ್ ಕೊಡಲಾಗಲಿಲ್ಲ, ವಿಷಯ ಶೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯವರೆಗೂ ಹೋಯಿತು. ಆ ದಿನಗಳಲ್ಲಿ ಬೆಂಗಳೂರಿನ ಗಂಡ ಹೆಂಡತಿ, ಇಬ್ಬರೂ ಕಾಲೇಜು ಲೆಕ್ಚರರ್‌ಗಳು, ಒಂದು ಗ್ಯಾಲರಿಯಿಂದ ನಾಲ್ಕೂವರೆ ಲಕ್ಷಕ್ಕೆ ದೊಡ್ಡ ಕ್ಯಾನ್ವಾಸ್ ಕೊಂಡರು. ಮಗಳ ಓದಿನ ಹೊತ್ತಿಗೆ ಮಾರುವ ಲೆಕ್ಕ. 2008ರ ಸೆಪ್ಟೆಂಬರ್ ನಂತರ ಮಾರುಕಟ್ಟೆ ಕುಸಿಯಿತು. ಮಗಳು ಪಿಯುಸಿ ಮುಗಿಸಿದಾಗ ನನಗೆ ಫೋನ್ ಮಾಡಿದರು. ನಾನು ಆರು ಕಡೆ ಕೇಳಿದೆ. ಮಾರಿದ ಗ್ಯಾಲರಿಯವರು, ಈಗ ಟೈಮ್ ಸರಿಯಿಲ್ಲ, ಇಟ್ಕೊಳ್ಳಿ ಎಂದರು. ಕೊನೆಗೆ 70 ಸಾವಿರಕ್ಕೆ ಹೋಯಿತು.

ಲಾರಿ ಬಂದು ಚಿತ್ರ ಇಳಿಸಿಕೊಂಡು ಹೋದ ದಿನ ನಾನು ಅಲ್ಲೇ ಇದ್ದೆ. ಗೋಡೆ ಮೇಲೆ ಚಿತ್ರದ ಅಳತೆಯ ಬಿಳಿ ಜಾಗ ಉಳಿದಿತ್ತು, ಸುತ್ತ ಬಣ್ಣ ಮಾಸಿತ್ತು. ಆ ಅಮ್ಮ ನನ್ನ ಕೈ ಹಿಡಿದು, “ಏಳು ವರ್ಷ ಇತ್ತು. ಒಂದು ದಿನಾನೂ ಕೂತು ನೋಡ್ಲಿಲ್ಲ ನಾನು” ಎಂದರು. ದುಡ್ಡು ಹೋದದ್ದಕ್ಕಿಂತ ಆ ಮಾತು ನನಗೆ ಜಾಸ್ತಿ ನೋವು ಕೊಟ್ಟಿತು.

ಇನ್ನು ಆ ದಿನ ಗ್ಯಾಲರಿಯಲ್ಲಿ ನಿಮ್ಮ ಮನಸ್ಸಿಗೆ ಏನಾಯಿತು ನೋಡೋಣ. ಇದರಲ್ಲಿ ನಿಮ್ಮ ತಪ್ಪಿಲ್ಲ. ನಮ್ಮೆಲ್ಲರ ಮನಸ್ಸೂ ಹೀಗೇ ನಡೆಯುತ್ತದೆ.

ನನಗೆ ಅನುಮಾನ, ನಿಮಗೆ 3 ಲಕ್ಷದ್ದನ್ನು ಮೊದಲು ತೋರಿಸಿರಲಿಕ್ಕಿಲ್ಲ. ಮೊದಲು 12 ಲಕ್ಷದ್ದೋ 20 ಲಕ್ಷದ್ದೋ ತೋರಿಸಿರುತ್ತಾರೆ. ರೇಷ್ಮೆ ಸೀರೆ ಅಂಗಡಿಯಲ್ಲಿ ಕೂತು ಗೊತ್ತಲ್ಲ ನಿಮಗೆ. ಮೊದಲು 45 ಸಾವಿರದ ಸೀರೆ ಹಾಸುತ್ತಾರೆ. ತಗೊಳ್ಳಿ ಅಂತ ಹಾಸುವುದಲ್ಲ. ಅದನ್ನು ನೋಡಿದ ಮೇಲೆ 18 ಸಾವಿರದ್ದು ಅಗ್ಗ ಅನ್ನಿಸಲಿ ಎಂದು. ಮನೆಯಿಂದ ಹೊರಟಾಗ ನಿಮ್ಮ ಮನಸ್ಸಿನಲ್ಲಿ ಇದ್ದದ್ದು 8 ಸಾವಿರ. ಮೊದಲು ಕಿವಿಗೆ ಬಿದ್ದ ಅಂಕಿಯೇ ಅಳತೆಗೋಲು ಆಗಿಬಿಡುತ್ತೆ. ಹರಾಜಿನ ಕ್ಯಾಟಲಾಗಿನಲ್ಲಿ ಚಿತ್ರದ ಕೆಳಗೆ ಅಂದಾಜು ಬೆಲೆ ಅಚ್ಚು ಹಾಕುತ್ತಾರಲ್ಲ, ಅದೂ ಇದೇ ಕೆಲಸ ಮಾಡುತ್ತೆ. ಅದನ್ನು ಬೇಕೆಂದೇ ಸ್ವಲ್ಪ ತಗ್ಗಿಸಿ ಇಡುವುದುಂಟು. ಕೈಗೆಟುಕುವ ಹಾಗೆ ಕಂಡರೆ ನಾಲ್ಕು ಜನ ಕೈ ಎತ್ತುತ್ತಾರೆ. ಒಮ್ಮೆ ಕೈ ಎತ್ತಿದವರಿಗೆ ಅದು ಆಗಲೇ ತಮ್ಮದು ಅನ್ನಿಸಿಬಿಡುತ್ತೆ, ಆಮೇಲೆ ಬಿಡುವುದು ಕಷ್ಟ.

ಗ್ಯಾಲರಿಯಲ್ಲಿ ಬೆಲೆಯ ಚೀಟಿಯೂ ಕಾಣುವುದಿಲ್ಲ. ಕೇಳಬೇಕು. ಬಿಳಿ ಗೋಡೆ, ತಣ್ಣನೆ ಗಾಳಿ, ಮೆತ್ತಗೆ ಮಾತಾಡುವ ಜನ. ಕೇಳಲು ಸಂಕೋಚ, ಕೇಳಿದ ಮೇಲೆ ಬೇಡ ಅನ್ನಲು ಇನ್ನೂ ಸಂಕೋಚ. ನನ್ನ ಕಣ್ಣೆದುರೇ ಎಷ್ಟೋ ಜನ ಬರೀ ಆ ಸಂಕೋಚಕ್ಕೆ ಕೊಂಡಿದ್ದಾರೆ.

ಕೆಂಪು ಚುಕ್ಕಿಯ ವಿಷಯ ಹೇಳಲೇಬೇಕು. ಪ್ರದರ್ಶನದಲ್ಲಿ ಚಿತ್ರ ಮಾರಾಟವಾದರೆ ಪಕ್ಕದ ಚೀಟಿಗೆ ಸಣ್ಣ ಕೆಂಪು ಚುಕ್ಕಿ ಅಂಟಿಸುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸತು. ಸಂಜೆ ಆರಕ್ಕೆ ಉದ್ಘಾಟನೆ. ಐದೂವರೆಗೆ ಮಾಲೀಕರು ನನ್ನ ಕೈಗೆ ಚುಕ್ಕಿಯ ಹಾಳೆ ಕೊಟ್ಟು, ನಾಲ್ಕು ಚಿತ್ರಕ್ಕೆ ಅಂಟಿಸು ಎಂದರು. ಒಂದೂ ಮಾರಾಟವಾಗಿರಲಿಲ್ಲ. ಅಂಟಿಸಿದೆ. ಜನ ಬಂದರು. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಬಂದವರ ಕಣ್ಣು ಮೊದಲು ಚೀಟಿಗೆ ಹೋಗುತ್ತಿತ್ತು, ಆಮೇಲೆ ಚಿತ್ರಕ್ಕೆ. ಚುಕ್ಕಿ ಇದ್ದ ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಿದ್ದರು. ಛೇ, ಇದು ಹೋಯ್ತಾ ಎಂದು ಪಕ್ಕದ್ದನ್ನು ಕೇಳುತ್ತಿದ್ದರು. ಎಂಟೂವರೆ ಹೊತ್ತಿಗೆ ನಿಜವಾಗಿಯೂ ಐದು ಮಾರಾಟವಾಗಿದ್ದವು. ಆ ಕೆಲಸವನ್ನು ನಾನು ಮತ್ತೆ ಮಾಡಲಿಲ್ಲ. ಎಲ್ಲರೂ ಹಾಗೆ ಮಾಡುತ್ತಾರೆ ಅಂತಲೂ ಅಲ್ಲ. ಆದರೆ ಬೇರೆಯವರಿಗೆ ಬೇಕು ಎಂದು ಕಂಡ ಕೂಡಲೇ ನಮಗೂ ಬೇಕು ಅನ್ನಿಸುತ್ತದೆ ಎಂಬುದನ್ನು ಆ ಸಂಜೆ ಕಣ್ಣಾರೆ ಕಂಡೆ.

ಈ ಕಲಾವಿದರ ಬೆಲೆ ಯಾವತ್ತೂ ಇಳಿದೇ ಇಲ್ಲ ಎಂದು ಹೇಳಿದ್ದರೆ, ಅದು ನಿಜವೇ ಇರಬಹುದು. ಗ್ಯಾಲರಿಗಳು ಪಟ್ಟಿಯ ಬೆಲೆ ಇಳಿಸುವುದಿಲ್ಲ. ಇಳಿಸಿದರೆ ಕಲಾವಿದರ ಹೆಸರು ಕೆಟ್ಟಿತು ಅಂತ ಸುದ್ದಿಯಾಗುತ್ತೆ, ಹಿಂದೆ ಕೊಂಡವರು ಜಗಳಕ್ಕೆ ಬರುತ್ತಾರೆ. ಅದಕ್ಕೆ ಪಟ್ಟಿಯಲ್ಲಿ ಏರಿಸುತ್ತಾ ಹೋಗಿ, ಕೊಳ್ಳುವವರಿಗೆ ಒಳಗೆ ಡಿಸ್ಕೌಂಟ್ ಕೊಡುತ್ತಾರೆ. ಪಟ್ಟಿಯ ಬೆಲೆ ನೋಡಿ ಏರಿಕೆ ಲೆಕ್ಕ ಹಾಕಬೇಡಿ. ಆ ಕಲಾವಿದರ ಚಿತ್ರವನ್ನು ಒಮ್ಮೆ ಕೊಂಡವರು ಮತ್ತೆ ಮಾರಿ ಎಷ್ಟು ಪಡೆದರು ಎಂದು ಕೇಳಿ. ಅದಕ್ಕೆ ಉತ್ತರ ಇಲ್ಲದಿದ್ದರೆ ಏರಿಕೆಯೂ ಇಲ್ಲ.

ಹೆಸರು ನಮ್ಮ ಕಣ್ಣಿಗೆ ಏನು ಮಾಡುತ್ತೆ ಎಂದು ತಿಳಿಯಲು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು. ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವಿದೆ. ಕೈ ಅಡ್ಡ ಹಿಡಿದಿದ್ದಾಳೆ, ಬೆರಳುಗಳ ನಡುವಿನಿಂದ ಬೆಳಕು ಕೆಂಪಾಗಿ ಸೋರಿ ಮುಖಕ್ಕೆ ಬೀಳುತ್ತದೆ. ನೀವೂ ಶಾಲೆಯ ಪ್ರವಾಸದಲ್ಲಿ ನೋಡಿರುತ್ತೀರಿ. ಆ ಚಿತ್ರದ ಮುಂದೆ ಅರ್ಧ ಗಂಟೆ ನಿಂತರೆ ಹತ್ತು ಜನರಾದರೂ, ರವಿವರ್ಮನದು ನೋಡು ಎಂದು ಮಕ್ಕಳಿಗೆ ತೋರಿಸುವುದು ಕಿವಿಗೆ ಬೀಳುತ್ತೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಆ ಚಿತ್ರ 1940ರ ದಶಕದ್ದು. ಬಿಡಿಸಿದವರು ಸಾವಂತವಾಡಿ ಕಡೆಯ ಎಸ್. ಎಲ್. ಹಳದಣಕರ್. ದೀಪ ಹಿಡಿದು ನಿಂತದ್ದು ಅವರ ಮಗಳು. ಅದು ಜಲವರ್ಣ. ಜಲವರ್ಣದಲ್ಲಿ ಅಂಥ ಕತ್ತಲೆ, ಅಂಥ ಬೆಳಕು ತರುವುದು ಎಷ್ಟು ಕಷ್ಟ ಎಂದು ಕುಂಚ ಹಿಡಿದವರನ್ನು ಕೇಳಿ. ಅದೇ ಚಿತ್ರ, ಅದೇ ಬೆಳಕು. ಹೆಸರು ಬದಲಾದರೆ ಕೆಲವರ ಮುಖದಲ್ಲಿ ನಿರಾಸೆ ಕಾಣುತ್ತೆ. ಇನ್ನು ಕೆಲವರು ಆಗಲೇ ಹತ್ತಿರ ಬಂದು ನಿಜವಾಗಿ ನೋಡಲು ಶುರು ಮಾಡುತ್ತಾರೆ. ನೀವು ಎರಡನೇ ಗುಂಪಿನವರು ಅಂತ ನನಗೆ ಅನ್ನಿಸುತ್ತೆ.

ಹೆಸರಿಗೆ ದುಡ್ಡು ಕೊಡುವುದೇ ಆದರೆ ನಕಲಿಯ ಭಯವೂ ಜೊತೆಗೇ ಬರುತ್ತೆ. ಬಂಗಾಳದ ಕಲಾವಿದ ಜಾಮಿನಿ ರಾಯ್ ಸಾಮಾನ್ಯರ ಮನೆಗೂ ಚಿತ್ರ ಹೋಗಲಿ ಎಂದು ಬೆಲೆ ಕಡಿಮೆ ಇಟ್ಟರು, ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಿಡಿಸಿದರು, ಮನೆಯವರೂ ಕೈಜೋಡಿಸಿದರು. ಎಷ್ಟು ಒಳ್ಳೆಯ ಮನಸ್ಸು ಅದು. ಅದರಿಂದಲೇ ಇವತ್ತು ಯಾವುದು ಅವರ ಕೈಯದು ಎಂದು ಹೇಳುವುದು ಕಷ್ಟವಾಗಿದೆ. 2011ರಲ್ಲಿ ಕೋಲ್ಕತ್ತದ ಸರ್ಕಾರಿ ಕಲಾ ಕಾಲೇಜಿನಲ್ಲೇ ರವೀಂದ್ರನಾಥ ಟ್ಯಾಗೋರರ ಹೆಸರಿನಲ್ಲಿ ತೂಗುಹಾಕಿದ್ದ ಚಿತ್ರಗಳು ನಕಲಿ ಎಂದು ಆಮೇಲೆ ಗೊತ್ತಾಯಿತು. ಕಾಲೇಜಿನ ಗೋಡೆಯೇ ನಂಬಿಕೆ ಕೊಟ್ಟಿತ್ತು, ಯಾರು ಸಂಶಯ ಪಡುತ್ತಾರೆ? ಹಾಗಾಗಿ ಯಾರಾದರೂ ನಿಮಗೆ ನಮ್ಮ ಹೆಸರಾಂತ ಹಳೆಯ ಕಲಾವಿದರ ಚಿತ್ರ, ಕೆ. ಕೆ. ಹೆಬ್ಬಾರರದ್ದು, ಕೆ. ವೆಂಕಟಪ್ಪನವರದ್ದು ಅಗ್ಗಕ್ಕೆ ಇದೆ ಎಂದು ತಂದರೆ, ದಯವಿಟ್ಟು ಆ ಕಡೆ ತಿರುಗಿಯೂ ನೋಡಬೇಡಿ.

ಬದುಕಿರುವ ಕಲಾವಿದರ ಕೈಯಿಂದಲೇ ಕೊಳ್ಳುವುದರಲ್ಲಿ ಈ ತೊಂದರೆ ಇಲ್ಲ. ಚಿತ್ರಸಂತೆ ಶುರುವಾಗಿ ಎರಡು ದಶಕ ದಾಟಿತು. ವರ್ಷಕ್ಕೊಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಸಾವಿರಕ್ಕೂ ಹೆಚ್ಚು ಕಲಾವಿದರು ಫುಟ್‌ಪಾತಿನಲ್ಲಿ ಚಿತ್ರ ಒರಗಿಸಿ ಕೂರುತ್ತಾರೆ. ಅಲ್ಲಿ ನಿಮಗೆ ಕೆಂಪು ಚುಕ್ಕಿ ಇರಲಿಲ್ಲ, ಕ್ಯಾಟಲಾಗಿರಲಿಲ್ಲ, ಭಾವನೂ ಇರಲಿಲ್ಲ. ಸಾವಿರಾರು ಚಿತ್ರ ದಾಟಿ ಬಂದು ಒಂದರ ಮುಂದೆ ನಿಂತಿರಿ. ಕಲೆ ಗೊತ್ತಿಲ್ಲ ಅನ್ನುವವರು ಮಾಡುವ ಕೆಲಸ ಅಲ್ಲ ಅದು.

ಆದರೂ ಕೊಳ್ಳುವ ಮೊದಲು ಕೆಲವು ವಿಷಯ ನೋಡಿಕೊಳ್ಳಿ. ಸಂತೆಯಲ್ಲಿ ಒಳ್ಳೆಯವರ ನಡುವೆ ಪ್ರಿಂಟ್ ಮಾರುವವರೂ ಸೇರಿಕೊಳ್ಳುತ್ತಾರೆ. ಕ್ಯಾನ್ವಾಸ್ ಮೇಲೆ ಪ್ರಿಂಟ್ ತೆಗೆದು, ಮೇಲೆ ಪಾರದರ್ಶಕ ಅಂಟು ಬಳಿದು ಕುಂಚದ ಗುರುತು ಬರಿಸುತ್ತಾರೆ. ಕಂಡುಹಿಡಿಯುವುದು ಸುಲಭ. ಮೊಬೈಲಿನ ಟಾರ್ಚ್ ಹಾಕಿ, ಚಿತ್ರದ ಪಕ್ಕದಿಂದ ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿಯಿರಿ. ನಿಜವಾಗಿ ಬಿಡಿಸಿದ್ದಾದರೆ ಬಣ್ಣದ ಏರುತಗ್ಗು ಚಿತ್ರದ ಜೊತೆ ಹೋಗುತ್ತದೆ. ಮೆಣಸಿನಕಾಯಿ ಬಾಗಿದ ಕಡೆ ಕುಂಚದ ಗೆರೆಯೂ ಬಾಗಿರುತ್ತದೆ, ತೊಟ್ಟಿನ ಹತ್ತಿರ ಬಣ್ಣ ದಪ್ಪ ಇರುತ್ತದೆ. ಅಂಟು ಬಳಿದದ್ದಾದರೆ ಗೆರೆಗಳು ಮೆಣಸಿನಕಾಯಿಯನ್ನೂ ಜಗುಲಿಯನ್ನೂ ಒಂದೇ ಸಮ ದಾಟಿಕೊಂಡು ಹೋಗಿರುತ್ತವೆ. ಭೂತಗನ್ನಡಿ ಹಿಡಿದರೆ ಪ್ರಿಂಟಿನ ಚುಕ್ಕಿಗಳೂ ಕಾಣುತ್ತವೆ.

ಆಮೇಲೆ ಚಿತ್ರ ತಿರುಗಿಸಿ ಹಿಂಭಾಗ ನೋಡಿ. ಕೇಳಲು ನಾಚಬೇಡಿ. ಬಣ್ಣ ಅಲ್ಲಲ್ಲಿ ಒಸರಿರಬಹುದು, ಮರದ ಚೌಕಟ್ಟಿನ ಮೂಲೆಗಳಲ್ಲಿ ಕ್ಯಾನ್ವಾಸ್ ಬಿಗಿ ಮಾಡುವ ಸಣ್ಣ ಬೆಣೆಗಳಿರಬಹುದು. ಅಲ್ಲೇ ಕಲಾವಿದರಿಂದ ಚಿತ್ರದ ಹೆಸರು, ವರ್ಷ, ಯಾವ ಬಣ್ಣ, ಅಳತೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಅದೇ ವಿವರ ಬಿಲ್ಲಿನಲ್ಲೂ ಇರಲಿ. ಅವರು ಚಿತ್ರದ ಪಕ್ಕ ನಿಂತ ಒಂದು ಫೋಟೋ ತೆಗೆದಿಡಿ. ಒಂದು ಮಾತು ನೆನಪಿರಲಿ, ಚಿತ್ರ ಕೊಂಡರೂ ಅದರ ಕೃತಿಸ್ವಾಮ್ಯ ಕಲಾವಿದೆಯದೇ. ಬ್ಯಾಂಕಿನ ಕ್ಯಾಲೆಂಡರಿಗೆ ಅಚ್ಚು ಹಾಕಿಸಬೇಕೆಂದರೆ ಅವರನ್ನು ಕೇಳಬೇಕು.

ಬೆಲೆಯ ಬಗ್ಗೆ. ಬಹಳ ಕಲಾವಿದರು ಚದರ ಇಂಚಿಗೆ ಇಷ್ಟು ಎಂದು ಬೆಲೆ ಹಾಕುತ್ತಾರೆ, ಹಾಗಾಗಿ ಒಬ್ಬರದೇ ದೊಡ್ಡ ಚಿತ್ರಕ್ಕಿಂತ ಸಣ್ಣದು ಅಗ್ಗ. ಅಗ್ಗ ಎಂದರೆ ಕಳಪೆ ಅಂತಲ್ಲ. 18 ಸಾವಿರಕ್ಕೆ 8 ಸಾವಿರ ಕೊಡ್ತೀನಿ ಅಂತ ಸೊಪ್ಪಿನ ಹಾಗೆ ಚೌಕಾಸಿ ಮಾಡಬೇಡಿ. ಅದರಲ್ಲಿ ಬಣ್ಣ, ಕ್ಯಾನ್ವಾಸು, ಕಲಬುರಗಿಯಿಂದ ಬಂದ ಖರ್ಚು ಎಲ್ಲ ಇದೆ. ಒಟ್ಟಿಗೆ ಕಷ್ಟವಾದರೆ ಎರಡು ಮೂರು ಕಂತು ಕೇಳಿ. ಬಹುತೇಕರು ಸಂತೋಷದಿಂದ ಒಪ್ಪುತ್ತಾರೆ. ಮುಂದೆ ಅದರ ಬೆಲೆ ಏರಿದರೆ ಒಳ್ಳೆಯದೇ. ಏರುತ್ತದೆ ಎಂದು ನಾನು ಹೇಳಲಾರೆ. ಆ 18 ಸಾವಿರವನ್ನು ಮರಳಿ ಬಾರದ ದುಡ್ಡು ಅಂದುಕೊಂಡೇ ಕೊಡಿ. ಉಳಿದದ್ದು ನಿಮ್ಮದೇ ಎಫ್‌ಡಿಯಲ್ಲಿ ಇರಲಿ.

ಕಣ್ಣು ಇನ್ನೂ ಪಳಗಬೇಕು ಅನ್ನಿಸಿದರೆ ಅದಕ್ಕೆ ಹೆಚ್ಚು ದುಡ್ಡು ಬೇಡ, ಸಮಯ ಬೇಕು. ಬೆಂಗಳೂರಿಗೆ ಬಂದಾಗ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ಆಧುನಿಕ ಕಲಾ ಗ್ಯಾಲರಿಗೆ ಹೋಗಿ. ಚಿತ್ರಕಲಾ ಪರಿಷತ್ತಿನ ಒಳಗೆ ರಷ್ಯಾದ ಕಲಾವಿದ ರೋರಿಕ್ ಬಿಡಿಸಿದ ಹಿಮಾಲಯದ ಚಿತ್ರಗಳಿವೆ. ಎಲ್ಲ ನೋಡಲು ಹೋಗಬೇಡಿ. ಮೂರು ಚಿತ್ರ ಆರಿಸಿ, ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಿ. ಮೊದಲ ಎರಡು ನಿಮಿಷ ಬೇಜಾರಾಗುತ್ತೆ. ಮೂರನೇ ನಿಮಿಷದಿಂದ ಕಾಣಲು ಶುರುವಾಗುತ್ತೆ.

ಭಾವನಿಗೆ ಏನು ಹೇಳುವುದು? ಈ ಹತ್ತು ನಿಮಿಷದ ಪರೀಕ್ಷೆಯನ್ನೇ ಹೇಳಿ. ಅವರಿಗೆ ಆ 3 ಲಕ್ಷದ ಚಿತ್ರ ಇಷ್ಟವಾಗಿದ್ದರೆ, ಅದರಲ್ಲಿ ಏನಿತ್ತು ಅಂತ ಕೇಳಿ. ವಿವರವಾಗಿ ಹೇಳಿದರೆ ಅವರೇ ಕೊಳ್ಳಲಿ, ಅವರ ಮನೆಯಲ್ಲಿ ಅದು ಚೆನ್ನಾಗಿರುತ್ತೆ.

ನೀವು ಇವತ್ತೇ ಆ ಕಾರ್ಡ್ ಹುಡುಕಿ ಫೋನ್ ಮಾಡಿ. ಚಿತ್ರ ಹೋಗಿದ್ದರೆ ಬೇಸರ ಬೇಡ, ಅವರ ಬೇರೆ ಚಿತ್ರಗಳ ಫೋಟೋ ಕಳಿಸಲು ಹೇಳಿ, ಸಾಧ್ಯವಾದರೆ ಹೋಗಿ ನೋಡಿ. ಇದ್ದರೆ ಕಳಿಸುವ ರೀತಿ ಮೊದಲೇ ಮಾತಾಡಿ. ಚೌಕಟ್ಟಿನ ಸಮೇತ ಬಸ್ಸಿನ ಪಾರ್ಸಲ್ಲಿಗೆ ಹಾಕಿಸಬೇಡಿ, ಮೂಲೆ ಚುಚ್ಚಿ ಕ್ಯಾನ್ವಾಸ್ ಹರಿಯುತ್ತೆ. ಆಕ್ರಿಲಿಕ್ ಬಣ್ಣದ್ದಾದರೆ ಚೌಕಟ್ಟಿನಿಂದ ಬಿಚ್ಚಿ, ದಪ್ಪ ಪೈಪಿನ ಸುತ್ತ ಬಣ್ಣದ ಮುಖ ಹೊರಗೆ ಬರುವಂತೆ ಸುತ್ತಿ ಕಳಿಸಲಿ. ಒಳಮುಖ ಸುತ್ತಿದರೆ ಬಣ್ಣ ಮಡಚಿ ಬಿರುಕು ಬಿಡುತ್ತೆ. ಶಿವಮೊಗ್ಗದಲ್ಲಿ ಮತ್ತೆ ಬಿಗಿಸಿ ಫ್ರೇಮ್ ಹಾಕಿಸಬಹುದು.

ನಿಮ್ಮ ಕಡೆ ಮಳೆ ಜಾಸ್ತಿ. ಹೊರಗೋಡೆಗೆ ತೂಗುಹಾಕಬೇಡಿ, ತೇವ ಎಳೆದು ಹಿಂದೆ ಬೂಷ್ಟು ಹಿಡಿಯುತ್ತೆ. ಒಳಗೋಡೆ ಆರಿಸಿ, ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಕಾರ್ಕಿನ ತುಂಡು ಅಂಟಿಸಿ, ಗಾಳಿ ಆಡಲಿ. ನೇರ ಬಿಸಿಲು ಬೀಳದ, ಆದರೆ ನೀವು ಬೆಳಿಗ್ಗೆ ಕಾಫಿ ಕುಡಿಯುವ ಜಾಗದಿಂದ ಕಾಣುವ ಗೋಡೆ ಇದ್ದರೆ ಇನ್ನೂ ಒಳ್ಳೆಯದು. ಚಿತ್ರದ ನಡುಭಾಗ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಮೊಳೆ ಹೊಡೆಸಿ.